ತಾರಸಿ ಹತ್ತಿ ಸಹಿ ಹಾಕಿದವರು

ಮನೆಯ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದವರಿಗೆ ಸರ್ಕಾರ ಕೊಡುವ ಸಹಾಯಧನದ ಇತಿಹಾಸವನ್ನು ಮುಂದೊಂದು ದಿನ ಯಾರಾದರೂ ದೊಡ್ಡ ಓದು ಓದಿದವರು ಬರೆದಾರು. ಅದರಲ್ಲಿ ಯೋಜನೆಗಳ ಹೆಸರಿರುತ್ತದೆ, ಮಂತ್ರಿಗಳ ಫೋಟೋ ಇರುತ್ತದೆ, ಎಷ್ಟು ಕಿಲೋವ್ಯಾಟ್ ಎಂಬ ಉದ್ದದ ಪಟ್ಟಿಯೂ ಇರುತ್ತದೆ. ಆದರೆ ನಡುಮಧ್ಯಾಹ್ನ ಕೈಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಮುಟ್ಟಿದರೆ ಸುಡುವ ಕಬ್ಬಿಣದ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತಿ, ಪ್ಯಾನೆಲ್ ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿದ ಮೇಲೆಯೇ ಸಹಿ ಹಾಕಿದ ಒಬ್ಬ ಹೆಣ್ಣುಮಗಳ ಮಾತು ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಈ ಲೇಖನ ಹುಟ್ಟಿದ್ದು ಆ ಸಿಟ್ಟಿನಿಂದ. ತಾರಸಿ ಕೆಲಸದ ಫಿಟ್ಟರುಗಳೆಲ್ಲ "ಏಣಿ ಮೇಡಂ" ಎಂದೇ ಕರೆಯುವ, ಸಹಾಯಧನ ವಿಭಾಗದ ತಪಾಸಣಾಧಿಕಾರಿಯವರು ಮೂವತ್ತೈದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರನ್ನು ಅಭಿನಂದಿಸುವ ಗ್ರಂಥಕ್ಕೆ ಶಾಲೆಯ ಮೆಟ್ಟಿಲನ್ನು ಅರ್ಧಕ್ಕೇ ಇಳಿದವನೊಬ್ಬ ಬರೆಯುವುದು ಸರಿಯೇ ಎಂದು ಸಂಪಾದಕ ಮಂಡಳಿಯಲ್ಲಿ ಯಾರೋ ಕೇಳಿದರಂತೆ. ಅವರು ಹತ್ತಿದ ಮೆಟ್ಟಿಲುಗಳನ್ನು ಕೆಳಗೆ ನಿಂತು ಅಲುಗದಂತೆ ಹಿಡಿದುಕೊಂಡವರು ಫಿಟ್ಟರುಗಳು. ಅವರಲ್ಲದೆ ಇನ್ನಾರು ಬರೆಯಬೇಕು?

ಮೇಡಂ ಇಲಾಖೆಗೆ ಸೇರಿದ್ದು ಇಪ್ಪತ್ತೈದನೆಯ ವಯಸ್ಸಿನಲ್ಲಿ, ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸಕ್ಕೆ. ಆ ವಿಭಾಗದಲ್ಲಿ ಅವರೊಬ್ಬರೇ ಹೆಂಗಸು. ಹತ್ತಿರದ ಬೀದಿಗಳನ್ನೆಲ್ಲ ಗಂಡಸರು ಹಂಚಿಕೊಂಡು, ಊರಾಚೆಯ ಬಡಾವಣೆಯನ್ನೂ ಅಲ್ಲಿನ ಅಷ್ಟೂ ನಾಯಿಗಳನ್ನೂ ಅವರ ಪಾಲಿಗೆ ಬಿಟ್ಟರು. ಅವರು ದೂರಲಿಲ್ಲ, ಗೊಣಗಲಿಲ್ಲ. ಮೂರು ತಿಂಗಳಲ್ಲಿ ಆ ನಾಯಿಗಳು ಅವರ ಹಿಂದೆಯೇ ಬಾಲ ಅಲ್ಲಾಡಿಸುತ್ತ ಮನೆಯಿಂದ ಮನೆಗೆ ನಡೆಯುತ್ತಿದ್ದವಂತೆ. ಹಗಲು ಮೀಟರ್, ಸಂಜೆ ತಾಂತ್ರಿಕ ತರಗತಿ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡಿ, ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ, ಹನ್ನೆರಡು ವರ್ಷಗಳ ಹಿಂದೆ ಸೋಲಾರ್ ಸಹಾಯಧನದ ಹೊಸ ವಿಭಾಗ ತೆರೆದಾಗ ಅದರ ತಪಾಸಣೆಯ ಹೊಣೆ ಹೊತ್ತರು. ವಿಭಾಗ ಎಂದರೆ ಉದ್ದನೆಯ ಓಣಿಯ ಕೊನೆಯಲ್ಲಿ ಒಂದು ಮೇಜು, ಬಾಗಿಲು ಮುಚ್ಚದ ಒಂದು ಬೀರು, ತಿರುಗದ ಒಂದು ಫ್ಯಾನು. ಊರಿಗೆಲ್ಲ ಬಿಸಿಲಿನಿಂದ ಕರೆಂಟು ಮಾಡಿಸಲು ಹೊರಟವರಿಗೆ ಗಾಳಿಯೇ ಇರಲಿಲ್ಲ.

ನಿಯಮದ ಪ್ರಕಾರ ಅವರು ಕುರ್ಚಿ ಬಿಟ್ಟು ಏಳಬೇಕಾಗಿಯೇ ಇರಲಿಲ್ಲ. ಫಿಟ್ಟರು ಫೋಟೋ ಕಳುಹಿಸುತ್ತಾನೆ, ಅಧಿಕಾರಿ ನೋಡುತ್ತಾರೆ, ಸಹಿ ಬೀಳುತ್ತದೆ. ಎರಡನೆಯ ವಾರದಲ್ಲಿ ಮೇಡಂ ನಾಲ್ಕು ಅರ್ಜಿಗಳ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ ಮೇಲಧಿಕಾರಿಯನ್ನು ಕರೆದರು.

"ಸಾರ್, ಈ ನೀಲಿ ಪ್ಯಾಂಟು ನೋಡಿ. ನಾಲ್ಕು ಮನೆ ತಾರಸಿ ಮೇಲೂ ಇದೇ ಒಣಗ್ತಿದೆ."

"ನಾವು ಪ್ಯಾಂಟಿಗೆ ಸಬ್ಸಿಡಿ ಕೊಡ್ತಿಲ್ಲ, ಬಿಡಿ ಮೇಡಂ" ಎಂದರು ಅವರು.

"ಪ್ಯಾನೆಲ್ಲಿಗೆ ಕೊಡ್ತಿದ್ದೀವಲ್ಲ, ಅದೂ ಇದೇ ಥರ ಊರೆಲ್ಲ ಸುತ್ತುತ್ತಾ ಇದ್ರೆ?"

ಮರುದಿನದಿಂದ ಅವರು ಏಣಿ ಹತ್ತತೊಡಗಿದರು, ಆ ಹೆಸರೂ ಬಂತು. ಮೊದಮೊದಲು ಫಿಟ್ಟರುಗಳಿಗೆ ಅವರನ್ನು ಕಂಡರೆ ಮೈಯೆಲ್ಲ ಉರಿ. ಸೊಂಟಕ್ಕೆ ಬೆಲ್ಟ್ ಕಟ್ಟದವನ ಕೆಲಸವನ್ನು ಅವರು ನೋಡುತ್ತಲೇ ಇರಲಿಲ್ಲ. "ನೀನು ಕೆಳಗೆ ಬಿದ್ರೆ ನಿನ್ನ ಫೈಲ್ ನಾನು ಓದಬೇಕು, ನಂಗೆ ಪುರುಸೊತ್ತಿಲ್ಲ" ಎನ್ನುತ್ತಿದ್ದರು. ಅದೇ ಬಾಯಲ್ಲಿ, ಚೀಲದಿಂದ ಉಪ್ಪು ಸಕ್ಕರೆ ಬೆರೆಸಿದ ನೀರಿನ ಬಾಟಲಿ ತೆಗೆದು, ಅವನು ಕುಡಿದು ಮುಗಿಸುವವರೆಗೆ ಕಾದು ನಿಲ್ಲುತ್ತಿದ್ದರು. ಅಕ್ಷರ ಬಾರದ ಮನೆಯವರಿದ್ದರೆ ಹೊಸ್ತಿಲ ಮೇಲೇ ಕುಳಿತು ಹದಿನಾಲ್ಕು ಪುಟದ ಅರ್ಜಿಯನ್ನು ಓದಿ ಹೇಳಿ ತುಂಬಿಸುತ್ತಿದ್ದರು. ಅಷ್ಟುದ್ದದ ಅರ್ಜಿಯ ನಮೂನೆ ತಯಾರಿಸಿದವನನ್ನು ಹಿಡಿದು ಏಣಿ ಹತ್ತಿಸಬೇಕೆಂದು ಫಿಟ್ಟರುಗಳಿಗೆ ಎಷ್ಟೋ ಸಲ ಅನ್ನಿಸಿದೆ. ಹತ್ತಿದವರು ಮಾತ್ರ ಮೇಡಂ.

ಅವರ ಸೇವೆಯನ್ನು ಒಂದೇ ದಿನದಲ್ಲಿ ತೋರಿಸು ಎಂದರೆ, ಎರಡು ವರ್ಷಗಳ ಹಿಂದಿನ ಒಂದು ಶುಕ್ರವಾರವನ್ನು ತೋರಿಸಬೇಕು. ಆ ವರ್ಷದ ಯೋಜನೆಗೆ ಅದು ಕಡೆಯ ದಿನ. ಸಂಜೆ ಐದಕ್ಕೆ ಕಂಪ್ಯೂಟರ್ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ, ಆಮೇಲೆ ತಲೆಕೆಳಗಾಗಿ ನಿಂತರೂ ತೆರೆಯುವುದಿಲ್ಲ. ಉಳಿದಿದ್ದ ತಪಾಸಣೆ ಎರಡೇ, ಅಕ್ಕಪಕ್ಕದ ಎರಡು ಮನೆ. ಒಂದರಲ್ಲಿ, ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವ ಟೈಲರ್ ಅಕ್ಕ. ಸಹಾಯಧನ ಬರುತ್ತದೆಂದು ನಂಬಿಯೇ ಆಕೆ ಪ್ಯಾನೆಲ್ ಹಾಕಿಸಿದ್ದರು, ಬಾರದಿದ್ದರೆ ಮೂರನೆಯ ಯಂತ್ರ ಮಾರುವುದೊಂದೇ ದಾರಿ. ಇನ್ನೊಂದರಲ್ಲಿ ನಿವೃತ್ತ ಬಸ್ ಚಾಲಕರು, ಬೀದಿಗೆಲ್ಲ ಡ್ರೈವರ್ ಮಾವ. ಎರಡೂ ತಾರಸಿಗಳ ನಡುವೆ ಮೊಣಕಾಲೆತ್ತರದ ಒಂದು ಮೋಟುಗೋಡೆ. ಮಾವನ ತಾರಸಿಯ ಮೇಲೆ ಎತ್ತರದ ಕಪ್ಪು ನೀರಿನ ಟ್ಯಾಂಕು, ಮಧ್ಯಾಹ್ನ ಮೂರರ ಮೇಲೆ ಅದರ ನೆರಳು ಅಕ್ಕನ ಕಡೆಗೆ ಬೀಳುತ್ತದೆ. ಟ್ಯಾಂಕು ಸರಿಸಿ ಎಂದು ಅಕ್ಕ ಕೇಳಿದ್ದಕ್ಕೆ "ಸೂರ್ಯನಿಗೇ ಸರಿಯೋಕೆ ಹೇಳಮ್ಮ" ಎಂದಿದ್ದರು ಮಾವ. ಅಂದಿನಿಂದ ಎಂಟು ತಿಂಗಳು ಮಾತಿಲ್ಲ ಕತೆಯಿಲ್ಲ.

ಎರಡೂ ಮನೆಗೆ ಪ್ಯಾನೆಲ್ ಕೂರಿಸಿದವನು ಒಬ್ಬನೇ ಫಿಟ್ಟರು. ಅವನು ಈ ಸಾಲುಗಳನ್ನು ಬರೆಯುತ್ತಿರುವವನೇ. ಆದರೆ ಇದು ಅವನ ಸನ್ಮಾನವಲ್ಲವಾದ್ದರಿಂದ ಫಿಟ್ಟರು ಎಂದೇ ಕರೆಯೋಣ.

ಹನ್ನೊಂದು ಗಂಟೆಗೆ ಮೇಡಂ ಅಕ್ಕನ ತಾರಸಿ ಹತ್ತಿದರು. ಎಡ ಮಂಡಿ ಆಗಲೇ ನೋಯತೊಡಗಿತ್ತು, ಅದನ್ನು ಮುಖದ ಮೇಲೆ ಎಳ್ಳಷ್ಟೂ ಕಾಣಗೊಡಲಿಲ್ಲ. ಪ್ರತಿ ಪ್ಯಾನೆಲ್ಲಿನ ಬೆನ್ನಿಗೂ ಒಂದು ನಂಬರಿನ ಸ್ಟಿಕ್ಕರ್ ಇರುತ್ತದೆ. ಕೂರಿಸಿಬಿಟ್ಟ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಡಂ ಹಳೆಯ ಛತ್ರಿಯ ಕಡ್ಡಿಗೆ ಅಂಗೈಯಗಲದ ಕನ್ನಡಿ ಕಟ್ಟಿಕೊಂಡಿದ್ದರು. ಅದನ್ನು ಪ್ಯಾನೆಲ್ಲಿನ ಕೆಳಗೆ ತೂರಿಸಿ, ತಲೆಕೆಳಗಾದ ಅಂಕಿಗಳನ್ನು ಸರಾಗವಾಗಿ ಓದುತ್ತಿದ್ದರು. ಅಂದು ಓದಿದರು, ಕಾಗದ ನೋಡಿದರು, ಮತ್ತೆ ಓದಿದರು.

"ಇದು ಅಕ್ಕನ ಪ್ಯಾನೆಲ್ ಅಲ್ಲಪ್ಪ."

"ಕನ್ನಡಿಯಲ್ಲಿ ಉಲ್ಟಾ ಓದಿದ್ರೆ ಇನ್ನೇನು ಕಾಣುತ್ತೆ ಮೇಡಂ?" ಫಿಟ್ಟರು ಸಿಡುಕಿದ.

"ನೀನೇ ನೋಡು. ಮಲಕ್ಕೋ."

ಕಾದ ತಾರಸಿಯ ಮೇಲೆ ಅಂಗಾತ ಮಲಗಿ ಅವನು ನೋಡಿದ. ನಾಲ್ಕು ನಂಬರುಗಳೂ ಮಾವನವು. ಕೂರಿಸಿದ ದಿನ ಎಂಟೂ ಪ್ಯಾನೆಲ್ಲುಗಳನ್ನು ಬೆಳಿಗ್ಗೆ ಮಾವನ ತಾರಸಿಗೇ ಏರಿಸಿ, ಅಕ್ಕನ ನಾಲ್ಕರ ನಂಬರು ಬರೆದುಕೊಂಡು ಕೆಳಗಿಟ್ಟು, ಅವುಗಳ ಮೇಲೆ ಮಾವನ ನಾಲ್ಕು ಒಟ್ಟಿದ್ದ. ಊಟ ಮಾಡಿ ಬಂದವನು ಕೈಗೆ ಮೊದಲು ಸಿಕ್ಕ ಮೇಲಿನ ನಾಲ್ಕನ್ನು ಮೋಟುಗೋಡೆ ದಾಟಿಸಿದ್ದ. ಹೊಟ್ಟೆ ತುಂಬಿದ ಫಿಟ್ಟರು ಮಾತ್ರ ಮಾಡಬಲ್ಲ ತಪ್ಪು ಅದು. ನಂಬರು ಹೊಂದದಿದ್ದರೆ ಎರಡೂ ಅರ್ಜಿ ತಿರಸ್ಕಾರ.

"ಈಗಲೇ ಬಿಚ್ತೀನಿ. ಎಂಟನ್ನೂ ಬಿಚ್ಚಿ ಅದಲುಬದಲು ಮಾಡ್ತೀನಿ."

"ಐದು ಗಂಟೆಯೊಳಗೆ? ಬೋಲ್ಟಿನ ಸುತ್ತ ಹಾಕಿರೋ ಸಿಮೆಂಟು ಒಡೆದ್ರೆ ಎರಡು ಮನೇನೂ ಸೋರುತ್ತೆ. ಪ್ಯಾನೆಲ್ ಎಲ್ಲ ಒಂದೇ ಥರ. ಬದಲಾಗಬೇಕಾಗಿರೋದು ಕಾಗದ ಕಣೋ."

ನಿಯಮಾವಳಿಯ ಕಡೆಯ ಪುಟದಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ ಒಂದು ಕಲಂ ಇತ್ತು. ಅದಲುಬದಲಾದ ಪ್ಯಾನೆಲ್ಲುಗಳನ್ನು ಇಬ್ಬರು ಮಾಲೀಕರೂ ಒಪ್ಪಿ, ಒಂದೇ ಹಾಳೆಯಲ್ಲಿ, ಅಧಿಕಾರಿಯ ಎದುರಿಗೆ ಸಹಿ ಮಾಡಿದರೆ ನಂಬರು ತಿದ್ದಬಹುದು. ಹಾಳೆ ಬರೆಯಲು ಮೇಡಂಗೆ ಹತ್ತು ನಿಮಿಷ ಸಾಕಾಯಿತು. ಸಹಿಗೆ ಮಾತ್ರ ಮಧ್ಯಾಹ್ನವೆಲ್ಲ ಹೋಯಿತು.

"ಟ್ಯಾಂಕ್ ಸರಿಸಲಿ, ಈ ಕ್ಷಣ ಹಾಕ್ತೀನಿ" ಎಂದರು ಅಕ್ಕ, ಯಂತ್ರದಿಂದ ತಲೆ ಎತ್ತದೆ.

"ಈ ಹಾಳೆಯಲ್ಲಿ ಟ್ಯಾಂಕಿಗೆ ಜಾಗ ಇಲ್ಲಮ್ಮ. ಯಾವ ನಂಬರ್ ಎಲ್ಲಿದೆ ಅನ್ನೋದಷ್ಟೇ."

"ಮೆಷಿನ್ ಬೇಕಾದ್ರೆ ಮಾರ್ತೀನಿ ಮೇಡಂ, ಆ ಮನುಷ್ಯನ ಹತ್ರ ಹೋಗಿ ಕೈ ಚಾಚಲ್ಲ."

ಪಕ್ಕದ ಮನೆಯಲ್ಲಿ ಮಾವ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. "ನನಗೇನು, ಪಿಂಚಣಿ ಬರುತ್ತೆ. ಸಬ್ಸಿಡಿ ಬಂದ್ರೆ ಬರಲಿ, ಹೋದ್ರೆ ಹೋಗಲಿ. ಅವಳೇ ಬಂದು ಕೇಳಲಿ."

ಫಿಟ್ಟರು ಬಾಯಿ ತೆರೆದ. ಅವನು ಏನು ಹೇಳಲಿದ್ದ ಎಂಬುದು ಈ ಗ್ರಂಥಕ್ಕೆ ತಕ್ಕ ಮಾತಲ್ಲ. ಮೇಡಂ ಅವನ ಕಾಲನ್ನು ಮೆಲ್ಲಗೆ ತುಳಿದು ಸುಮ್ಮನಾಗಿಸಿದರು. ಎರಡು ಮನೆಗಳ ನಡುವೆ ಅವರು ಆರು ಸಲ ಓಡಾಡಿದರು. ಗದರಲಿಲ್ಲ, ಬೇಡಲಿಲ್ಲ, ಒಬ್ಬರ ಮಾತಿಗೆ ಉಪ್ಪುಖಾರ ಹಚ್ಚಿ ಇನ್ನೊಬ್ಬರಿಗೆ ಮುಟ್ಟಿಸಲಿಲ್ಲ. ಒಳಗೊಳಗೇ ಗಡಿಯಾರ ಎದೆಗೆ ಗುದ್ದುತ್ತಿತ್ತೆಂದೂ, ಅಕ್ಕನ ಮೂರನೆಯ ಯಂತ್ರ ಅಂಗಡಿಯವನ ಗಾಡಿ ಏರುವುದೇ ಕಣ್ಣ ಮುಂದೆ ಬರುತ್ತಿತ್ತೆಂದೂ ಆಮೇಲೆ ಅವರೇ ಹೇಳಿದರು.

ಮೂರೂಮುಕ್ಕಾಲಿಗೆ ಅವರಿಗೆ ಏನೋ ಹೊಳೆಯಿತು. "ಅಣ್ಣಾ, ಒಂದ್ನಿಮಿಷ ಮೇಲೆ ಬನ್ನಿ" ಎಂದು ಮಾವನನ್ನು ತಾರಸಿಗೆ ಕರೆದೊಯ್ದರು. ಟ್ಯಾಂಕಿನ ನೆರಳು ಮೋಟುಗೋಡೆ ದಾಟಿ ಅಕ್ಕನ ಎರಡು ಪ್ಯಾನೆಲ್ಲುಗಳ ಮೇಲೆ ಕಂಬಳಿ ಹೊದಿಸಿದಂತೆ ಬಿದ್ದಿತ್ತು.

"ಆ ಪ್ಯಾನೆಲ್ ಯಾರದ್ದು?"

"ಅವಳದ್ದು."

"ಅಲ್ಲ. ಈ ಹಾಳೆಗೆ ಸಹಿ ಬೀಳೋ ತನಕ ಅವು ನಿಮ್ಮವು. ನಂಬರು ನಿಮ್ಮದು, ಬಿಲ್ಲು ನಿಮ್ಮದು. ನಿಮ್ಮ ಟ್ಯಾಂಕು ನಿಮ್ಮ ಪ್ಯಾನೆಲ್ಲಿಗೇ ಬಿಸಿಲು ತಪ್ಪಿಸ್ತಾ ಕೂತಿದೆ. ಎಂಟು ತಿಂಗಳಿಂದ ಯಾರ ಮೇಲೆ ಹಠ ಅಣ್ಣಾ?"

ಮಾವ ಟ್ಯಾಂಕು ನೋಡಿದರು, ನೆರಳು ನೋಡಿದರು, ಮತ್ತೆ ಟ್ಯಾಂಕು ನೋಡಿದರು. ಮೂವತ್ತು ವರ್ಷ ಬಸ್ಸು ಓಡಿಸಿದವರು ತಮ್ಮ ಗಾಡಿಗೆ ತಾವೇ ಅಡ್ಡ ನಿಂತದ್ದು ಅದೇ ಮೊದಲು. ಮೀಸೆಯೊಳಗೇ ತಡೆದುಕೊಂಡಿದ್ದ ನಗು ಅವರ ಹೊಟ್ಟೆಗಿಳಿದು ಮೈಯೆಲ್ಲ ಕುಲುಕಿತು. ಗದ್ದಲ ಕೇಳಿ ಅಕ್ಕ ಕತ್ತರಿ ಹಿಡಿದುಕೊಂಡೇ ತಮ್ಮ ತಾರಸಿ ಹತ್ತಿ ಬಂದರು.

"ಏನಮ್ಮಾ," ಎಂದರು ಮಾವ, ಎಂಟು ತಿಂಗಳ ಮೇಲೆ ಮೊದಲ ಸಲ, "ನನ್ನ ಪ್ಯಾನೆಲ್ ನಿನ್ನ ಮನೇಲಿ ಬಿಟ್ಟಿ ಕೂತಿವೆಯಂತೆ. ಬಾಡಿಗೆ ಕೇಳ್ತೀಯೇನು?"

"ಕೇಳದೆ ಬಿಡ್ತೀನಾ? ಕೆಲಸನೂ ಮಾಡಲ್ಲ. ಮೂರು ಗಂಟೆ ಆಯ್ತು ಅಂದ್ರೆ ಮುಸುಕು ಹೊದ್ದು ಮಲಗಿಬಿಡ್ತವೆ, ಥೇಟ್ ಯಜಮಾನರ ಥರ."

"ಕೇಳಿದ್ರಾ ಮೇಡಂ ನಾಲಿಗೇನ! ಕೊಡಿ ಪೆನ್ನು, ಈ ಸೋಮಾರಿಗಳನ್ನ ಇವಳಿಗೇ ಬಿಟ್ಟುಕೊಡ್ತೀನಿ."

"ಕೊಡಿ ಮಾವ, ನಾನು ಎಬ್ಬಿಸಿ ದುಡಿಸ್ಕೋತೀನಿ."

ಮೋಟುಗೋಡೆಯ ಮೇಲೆಯೇ ಹಾಳೆ ಹರಡಿ, ಆ ಕಡೆಯಿಂದ ಅವರು, ಈ ಕಡೆಯಿಂದ ಇವರು ಸಹಿ ಮಾಡಿದರು. ಗಾಳಿಗೆ ಹಾರದಿರಲೆಂದು ಅಕ್ಕ ಕತ್ತರಿ ಇಟ್ಟರು. ಮೇಡಂ ಫಿಟ್ಟರಿನ ಸ್ಕೂಟರಿನ ಹಿಂದೆ ಫೈಲು ಅವುಚಿಕೊಂಡು ಕುಳಿತು, "ನಿಧಾನ ಹೋಗು" ಎಂದು ಒಂದು ಸಲವೂ ಹೇಳದೆ ಕಚೇರಿ ಸೇರಿದರು. ಐದಕ್ಕೆ ಎಂಟು ನಿಮಿಷವಿರುವಾಗ ಎರಡೂ ಅರ್ಜಿ ಒಳಗೆ ಹೋದವು. ಎರಡಕ್ಕೂ ಸಹಾಯಧನ ಬಂತು. ಅಕ್ಕನ ಮುಂದಿನ ಕೋಣೆಯಲ್ಲಿ ಈಗ ನಾಲ್ಕು ಯಂತ್ರಗಳಿವೆ. ಆ ಭಾನುವಾರವೇ ಮಾವ ಟ್ಯಾಂಕು ಇನ್ನೊಂದು ಮೂಲೆಗೆ ಸರಿಸಿದರು. ಅದನ್ನು ಎತ್ತಿಟ್ಟವನು ಯಾರು, ಅವನಿಗೆ ಎಷ್ಟು ದಿನ ಸೊಂಟ ನೋಯಿತು ಎಂಬುದು ಇಲ್ಲಿ ಅಪ್ರಸ್ತುತ.

ಪ್ರಸ್ತುತವಾದದ್ದು ಇನ್ನೊಂದು. ಆ ಅರ್ಜಿಯಲ್ಲಿ "ತಪ್ಪು ಯಾರಿಂದ" ಎಂಬ ಅಂಕಣವೊಂದಿತ್ತು. ಅದರಲ್ಲಿ ಮೇಡಂ ನಿಜವನ್ನೇ ಬರೆದರು: ಫಿಟ್ಟರಿನಿಂದ. ಒಂದು ತಿಂಗಳು ಅವನ ಹೆಸರು ಕೆಲಸದ ಪಟ್ಟಿಯಿಂದ ಹೋಯಿತು. ಅವನು ಕೆಂಡವಾಗಿ ಆ ಉದ್ದನೆಯ ಓಣಿಯನ್ನು ದಾಪುಗಾಲಿನಲ್ಲಿ ದಾಟಿ ಅವರ ಮೇಜಿನ ಮುಂದೆ ನಿಂತ.

"ಬಿಸಿಲಲ್ಲಿ ನಿಮ್ಮ ಜೊತೆ ಸತ್ತೆ. ಒಂದು ಸಾಲು ಮುಚ್ಚಿಹಾಕೋಕಾಗ್ಲಿಲ್ವಾ?"

ಅವರು ಕನ್ನಡಕ ಹಣೆಗೇರಿಸಿದರು. "ಆಗ್ತಿತ್ತು. ಮುಚ್ಚಿಹಾಕಿದ್ರೆ ನೀನು ಜೀವನ ಪೂರ್ತಿ ನನ್ನ ಕಂಡ್ರೆ ಕೈಕಟ್ಟಿ ನಿಂತಿರ್ತಿದ್ದೆ. ಈಗ ನೋಡು, ಸಾಲ ಇಲ್ಲ, ಋಣ ಇಲ್ಲ, ಎದೆ ಸೆಟೆಸಿ ಬಂದು ಜಗಳ ಆಡ್ತಿದ್ದೀಯ. ಕೂತ್ಕೊಂಡು ಆಡು, ಕುರ್ಚಿ ಎಳ್ಕೋ."

ಅವನು ಕುಳಿತ. ಒಂದು ಗಂಟೆ ಜಗಳವಾಡಿದ. ಏಳುವಾಗ ಅವನ ಕೈಯಲ್ಲಿ ಅವರ ಸಂಜೆ ತರಗತಿಯ ಹಳೆಯ ಪುಸ್ತಕಗಳಿದ್ದವು. ಆ ಖಾಲಿ ತಿಂಗಳನ್ನು ಓದಿಗೆ ಕೊಟ್ಟು, ವರ್ಷಾಂತ್ಯಕ್ಕೆ ತಾಂತ್ರಿಕ ಪರೀಕ್ಷೆ ಪಾಸು ಮಾಡಿದ. ಪ್ಯಾನೆಲ್ ಲಾರಿಯಿಂದ ಇಳಿಯುತ್ತಿದ್ದಂತೆ ಅದರ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಮನೆಯ ನಂಬರು ಬರೆಯುವ ಪದ್ಧತಿಯೂ ಆ ಜಗಳದಲ್ಲೇ ಹುಟ್ಟಿತು. ಈಗ ಫಿಟ್ಟರುಗಳೆಲ್ಲ ಹಾಗೆಯೇ ಮಾಡುತ್ತಾರೆ, ಊಟಕ್ಕೆ ಮುಂಚೆಯೇ.

ನಿವೃತ್ತಿಯ ಮರುದಿನದಿಂದ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಮೇಡಂ "ನಿದ್ದೆ" ಎಂದರು. ಅದನ್ನು ಯಾರೂ ನಂಬಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಫಿಟ್ಟರುಗಳ ಸಂಘದ ಶೆಡ್ಡಿನಲ್ಲಿ ಪಾಠ ಹೇಳಲು ಅವರು ಈಗಾಗಲೇ ಒಪ್ಪಿಕೊಂಡಿದ್ದಾರೆ, ಅಲ್ಲಿ ತಿರುಗುವ ಫ್ಯಾನನ್ನೇ ಹಾಕಿಸಿದ್ದೇವೆ. ಅವರ ಕುರ್ಚಿಗೆ ಬರುವವರು ಯಾರೇ ಇರಲಿ, ಫೋಟೋ ನೋಡಿ ಸಹಿ ಹಾಕಿದರೆ ಫಿಟ್ಟರುಗಳೇ ಹೋಗಿ ಏಣಿಯನ್ನು ಮೇಜಿಗೆ ಒರಗಿಸಿ ಬರುವುದೆಂದು ಸಭೆಯಲ್ಲಿ ತೀರ್ಮಾನವಾಗಿದೆ. ನಮ್ಮ ಮೇಡಂಗೆ ಮಂಡಿ ನೋವು ಇಳಿಯಲಿ, ಕಣ್ಣು ಇಷ್ಟೇ ಚುರುಕಾಗಿರಲಿ, ಆಯುಸ್ಸು ಅವರು ಹತ್ತಿದ ಮೆಟ್ಟಿಲುಗಳಷ್ಟು ಉದ್ದವಾಗಲಿ. ಮತ್ತು ಅವರ ಎದುರು ಕುರ್ಚಿ ಎಳೆದುಕೊಂಡು, ತಲೆ ಎತ್ತಿ, ಮನಸಾರೆ ಜಗಳವಾಡುವ ಭಾಗ್ಯ ನಮಗೆ ಇನ್ನೂ ಬಹಳ ವರ್ಷ ಇರಲಿ.