ಮಂಡೆಕೋಲಿಗೆ ಸೈಕಲಿನಲ್ಲಿ ಹೆಣ್ಣು ನೋಡಲು ಹೋದದ್ದು

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನಾಗ ಕುಂಬ್ರದ ಹತ್ತಿರ ಶಾಲಾ ಮಾಸ್ತರ. ಮಂಡೆಕೋಲಿನ ಒಂದು ಮನೆಯವರ ಜೊತೆ ಅಪ್ಪ ಎಲ್ಲ ಮಾತಾಡಿ ಮುಗಿಸಿದ್ದರು. ನಾನೊಮ್ಮೆ ಹುಡುಗಿಯನ್ನು ನೋಡಿ ಬರುವುದಷ್ಟೇ ಬಾಕಿ. ಜಾಲ್ಸೂರಿನವರೆಗೆ ಬಸ್ಸೇನೋ ಇತ್ತು, ಆದರೆ ಅದು ಮನಸ್ಸು ಬಂದ ದಿನ ಬರುವ ಬಸ್ಸು.

"ಸೈಕಲಲ್ಲೇ ಹೋಗುವ ಮಾರಾಯ. ಬಸ್ಸು ಕಾದ್ರೆ ನಿನ್ನ ಮದುವೆ ಆದ ಹಾಗೆಯೇ" ಎಂದ ನನ್ನ ಬ್ಯಾರಿ ಗೆಳೆಯ, ನಮ್ಮೂರಿನ ಮುಸ್ಲಿಂ ಹುಡುಗ. ಅವನಿಗೆ ಕುಂಬ್ರ ಪೇಟೆಯಲ್ಲಿ ಬಾಡಿಗೆ ಸೈಕಲಿನ ಅಂಗಡಿ. ನಮ್ಮೊಂದಿಗೆ ಹೊರಟ ಇನ್ನೊಬ್ಬ, ನೆರೆಮನೆಯ ಬೇಸಾಯಗಾರ; ನಮ್ಮಿಬ್ಬರನ್ನು ಸೇರಿಸಿದರೂ ಅವನಷ್ಟು ತೂಕವಾಗದು. ಹೆಣ್ಣಿನ ಮನೆಯಲ್ಲಿ ಹೋಳಿಗೆ ಮಾಡದೆ ಇರುವುದಿಲ್ಲ ಎಂಬ ಭರವಸೆಯಲ್ಲೇ ಅವನು ಪೆಡಲು ಮೆಟ್ಟಿದ.

ಕಾವು ದಾಟುವ ತನಕ ಯಕ್ಷಗಾನದ ಪದ ಹೇಳುತ್ತಾ ಹೋದೆವು. ಆಮೇಲೆ ಬಿಸಿಲು ನಮ್ಮ ಬಾಯಿ ಮುಚ್ಚಿಸಿತು. ರಸ್ತೆಯಿಡೀ ಕೆಂಪು ಧೂಳು. ಒಂದು ಲಾರಿ ಹೋದರೆ ಸ್ವಲ್ಪ ಹೊತ್ತು ಒಬ್ಬರಿಗೊಬ್ಬರು ಕಾಣಿಸುತ್ತಿರಲಿಲ್ಲ. ಕನಕಮಜಲಿನ ಏರಿನಲ್ಲಿ ನಮ್ಮ ದಪ್ಪ ಗೆಳೆಯನ ಹಿಂದಿನ ಟಯರು ಪಟಾಕಿಯಂತೆ ಒಡೆಯಿತು. ಬ್ಯಾರಿ ಗೆಳೆಯ ದಾರಿಬದಿಯಲ್ಲೇ ಟ್ಯೂಬು ಎಳೆದು ತೇಪೆ ಹಾಕುತ್ತಿದ್ದರೆ, ಇವನು ಗೇರುಮರದ ಬುಡದಲ್ಲಿ ಕಾಲು ಚಾಚಿ ಮಲಗಿದ್ದ.

"ನನಗಿನ್ನು ಹೋಳಿಗೆ ಬೇಡ. ಒಂದು ಸೌತೆಕಾಯಿ ಸಿಕ್ಕಿದ್ರೆ ಸಾಕು."

"ನಿನ್ನ ಭಾರಕ್ಕೆ ಸೈಕಲ್ ಅಲ್ಲ, ಎತ್ತಿನ ಗಾಡಿಯೇ ಬೇಕಿತ್ತು" ಎಂದ ಬ್ಯಾರಿ ಗೆಳೆಯ, ಬೆವರಿಳಿಯುವ ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಾ.

ಜಾಲ್ಸೂರಿನಿಂದ ಇಳಿದು ಪಯಸ್ವಿನಿ ಹೊಳೆಗೆ ಬಂದಾಗ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಸೈಕಲು ಹೆಗಲಿಗೇರಿಸಿ ದಾಟಲು ಹೊರಟವರು ನಡುಹೊಳೆಯಲ್ಲೇ ಅವನ್ನು ಬಂಡೆಗೆ ಒರಗಿಸಿ, ಬಟ್ಟೆ ಸಮೇತ ನೀರಲ್ಲಿ ಕುಳಿತುಬಿಟ್ಟೆವು. ಏಳುವ ಮನಸ್ಸೇ ಇರಲಿಲ್ಲ. ಎದ್ದು ಆಚೆ ದಡದ ಗುಡ್ಡ ಏರುವಷ್ಟರಲ್ಲಿ ಬಟ್ಟೆ ಒಣಗಿ, ಅದರ ಮೇಲೆ ಹೊಸ ಧೂಳೂ ಕೂತಿತ್ತು. ನಾನು ಚೀಲದಲ್ಲಿ ತಂದಿದ್ದ ಇಸ್ತ್ರಿ ಮಾಡಿದ ಬಿಳಿ ಅಂಗಿ ಆಗಲೇ ಹೊಳೆಯ ಪಾಲಾಗಿತ್ತು. ಯಾವಾಗ ಜಾರಿ ಬಿತ್ತೋ, ಮೂವರಲ್ಲಿ ಯಾರಿಗೂ ತಿಳಿಯದು.

ಹಾಗೆ ಕೆಂಪು ಮಣ್ಣಿನ ಗೊಂಬೆಗಳಂತೆ ಅಂಗಳಕ್ಕೆ ಕಾಲಿಟ್ಟೆವು. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕುಳಿತಿದ್ದ ಹುಡುಗಿಯ ತಂದೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಕೋಣ ನೋಡ್ಲಿಕ್ಕೆ ಬಂದವರಾ? ಹಟ್ಟಿಯಲ್ಲಿ ಉಂಟು, ಬನ್ನಿ" ಎಂದು ಎದ್ದರು.

"ಕೋಣ ನಾವೇ ತಂದಿದ್ದೇವೆ" ಎಂದ ಬ್ಯಾರಿ ಗೆಳೆಯ, ನನ್ನ ಬೆನ್ನು ತಟ್ಟುತ್ತಾ. "ಇದಕ್ಕೆ ಹುಡುಗಿ ನೋಡ್ಲಿಕ್ಕೆ ಬಂದದ್ದು."

ಹುಡುಗಿಯ ತಂದೆ, "ಅಯ್ಯೋ ದೇವರೇ! ಈ ಬಿಸಿಲಿಗೆ ಸೈಕಲಲ್ಲಾ?" ಎಂದು ಚಾಪೆ ಬಿಡಿಸಿ ಒಳಗೆ ಕೂಗಿದರು.

ಬೆಲ್ಲ ಮತ್ತು ಮೂರು ಲೋಟ ನೀರು ಬಂತು. ತಂದವಳು ಅವಳೇ. ಲೋಟಗಳು ಅವಳ ಕಣ್ಣೆದುರೇ ಖಾಲಿಯಾದವು. ಮತ್ತೆ ತಂದಳು, ಅವೂ ಖಾಲಿ. ಹೀಗೆ ಒಳಗೂ ಹೊರಗೂ ಎಷ್ಟು ಸಲ ನಡೆದಳೋ. ನಾಚಿಕೆಯಿಂದ ಬೇಡ ಎನ್ನಬೇಕೆಂದಿದ್ದರೂ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಕೊನೆಗೆ ಅವಳು ಸೊಂಟದಲ್ಲಿ ತಾಮ್ರದ ಕೊಡವನ್ನೇ ಹೊತ್ತುಕೊಂಡು ಬಂದು ನಮ್ಮ ನಡುವೆ ಇಟ್ಟಳು.

"ಇದರಲ್ಲಿ ಒಂದು ಕೊಡ ನೀರು ಉಂಟು. ಸಾಕಾಗದಿದ್ರೆ ಹಿಂದೆ ಬಾವಿಯೂ ಉಂಟು."

ಒಳಗಿನಿಂದ ಅಜ್ಜಿ, "ಎಂತ ಮಾತು ಅದು, ಬಂದವರ ಹತ್ರ!" ಎಂದು ಗದರಿದರು. ಬಾಯಲ್ಲಿದ್ದ ನೀರು ನೆತ್ತಿಗೇರುವಷ್ಟು ನಕ್ಕೆ. ನನ್ನ ಹಿಂದೆಯೇ ಗೆಳೆಯರೂ ನಕ್ಕರು, ಅವಳ ತಂದೆಯೂ ನಕ್ಕರು. ಅವಳು ಮಾತ್ರ ನಗದೆ ಒಳಗೆ ಹೋದಳು. ಬಾಗಿಲ ಆಚೆ ಬಳೆಗಳು ಕುಲುಕಿದ ಸದ್ದು ಕೇಳಿತು.

ಹೋಳಿಗೆ ಇರಲಿಲ್ಲ. ಮಾವಿನಹಣ್ಣಿನ ಗೊಜ್ಜಿನಲ್ಲಿ ಉಂಡು, ಬಿಸಿಲು ತಗ್ಗಿದ ಮೇಲೆ ಹೊರಟೆವು. ಹೊಳೆ ದಾಟುವಾಗ ದಪ್ಪ ಗೆಳೆಯ ಕೇಳಿದ, "ಮುಖ ಸರಿಯಾಗಿ ನೋಡಿದ್ಯಾ?"

ಆಗಲೇ ನನಗೆ ಹೊಳೆದದ್ದು. ಇಲ್ಲ, ನೋಡಿರಲಿಲ್ಲ. ನೆನಪಿಗೆ ಬರುತ್ತಿದ್ದದ್ದು ಬರೇ ಆ ಸ್ವರ.

ಸೈಕಲಿನ ಸೀಟಿನ ದಯೆಯಿಂದ ಮರುದಿನ ಬೆಳಿಗ್ಗೆ ನನಗೆ ಕುಳಿತುಕೊಳ್ಳಲು ಸಾಧ್ಯವೇ ಇರಲಿಲ್ಲ. ಹುಡುಗಿ ಹೇಗೆ ಎಂದು ಅಪ್ಪ ಕೇಳಿದಾಗ ಕಂಬ ಹಿಡಿದು ನಿಂತೇ, "ನನಗೆ ಒಪ್ಪಿಗೆ ಉಂಟು" ಎಂದೆ. ಅತ್ತ ಮಂಡೆಕೋಲಿನಲ್ಲಿ ಅವಳ ತಂದೆಯೂ ಅವಳನ್ನು ಕೇಳಿದ್ದರಂತೆ. ಮಣ್ಣು ಮೆತ್ತಿದ ಮೂವರಲ್ಲಿ ಹುಡುಗ ಯಾರೆಂದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ. "ಮೊದಲು ನಗಾಡಿದ್ದು ಯಾರೋ, ಅವರಾದ್ರೆ ಆಗಬಹುದು" ಎಂದಳಂತೆ.

ಮಳೆ ಹಿಡಿಯುವ ಮೊದಲೇ ಮದುವೆಯಾಯಿತು.