ಪಾಲ ಮಾಮ್ಮನ ಒಗೆಯದ ಸೀರೆ

ಮಾಮ್ಮನ ಎಡಹಣೆಯ ಮೇಲ್ಗಡೆ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ದಿನಕ್ಕೆ ಎರಡು ಹೊತ್ತು, ಎಷ್ಟೋ ವರ್ಷ, ಎಮ್ಮೆಯ ಪಕ್ಕೆಗೆ ಅದೇ ಜಾಗ ಒತ್ತಿಕೊಂಡು ಹಾಲು ಕರೆದು ಸವೆದುಹೋಗಿತ್ತು. ಚರ್ಚಿನಲ್ಲಿ ನೆಲಕ್ಕೆ ಹಣೆ ಹಚ್ಚಿ ಹಚ್ಚಿ ಹಾಗಾಗಿರಬೇಕು ಎಂದು ನಾನು ಮೊದಲು ತಿಳಿದಿದ್ದೆ. ಒಮ್ಮೆ ಹಾಗೆಂದು ಕೇಳಿಯೂಬಿಟ್ಟೆ. ಅವರು ಆ ಬೋಳು ಜಾಗ ಸವರಿಕೊಂಡು, "ಎರಡೂ ಒಂದೇ ಅಲ್ವಾ ಅಮ್ಮಾ" ಎಂದರು.

ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿದಾಗ ಅತ್ತೆಯನ್ನು ಕರೆದುಕೊಂಡು ಭವಾನಿಪುರಂನಲ್ಲಿ ಮನೆ ಹಿಡಿದೆ. ಗಂಡ ಅರಸೀಕೆರೆ ಕಡೆ ಮೇಷ್ಟರು, ಅವರಿಗೆ ಅಲ್ಲಿಂದ ಬಿಡುಗಡೆಯಿರಲಿಲ್ಲ. ನಮ್ಮ ಹಿಂದಿನ ಬೀದಿಯಲ್ಲೇ ಮಾಮ್ಮನ ಕೊಟ್ಟಿಗೆ, ನಾಲ್ಕು ಎಮ್ಮೆ. ಬೀದಿಯ ಮಕ್ಕಳಿಗೆಲ್ಲ ಅವರು ಪಾಲ ಮಾಮ್ಮ, ಅಂದರೆ ಹಾಲಿನಜ್ಜಿ. ಮೊದಲ ದಿನ ಕ್ಯಾನು ಹಿಡಿದು ಬಾಗಿಲಿಗೆ ಬಂದು, "ಪಾಲು ಕಾವಾಲಾ ಅಮ್ಮಾ?" ಎಂದು ಕೇಳಿದರು. ಹಾಲು ಬೇಕಾ ಎಂದು. ಆಗಷ್ಟೇ ಊರಿನಲ್ಲಿ ಮೈದುನಂದಿರ ಜೊತೆ ಜಮೀನಿನ ಪಾಲಿಗಾಗಿ ಕಿತ್ತಾಡಿ ಬಂದಿದ್ದ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ಯಾವ ಪಾಲೂ ಬೇಡ ಕಣಮ್ಮ! ಪಾಲಿನ ಪಂಚಾಯ್ತಿ ಊರಲ್ಲೇ ಮುಗಿದೈತೆ" ಎಂದು ಬಾಗಿಲು ಹಾಕಿದರು. ಮಾಮ್ಮ ಏನೂ ತಿಳಿಯದೆ ಅಲ್ಲೇ ನಿಂತಿದ್ದರು. ನಾನು ಓಡಿಹೋಗಿ ಸಮಜಾಯಿಷಿ ಹೇಳಿದಾಗ ಕ್ಯಾನು ಕೆಳಗಿಟ್ಟು ನಕ್ಕರು. ಅವರು ಅಷ್ಟು ನಕ್ಕದ್ದನ್ನು ಆಮೇಲೆ ನಾನು ಹೆಚ್ಚು ನೋಡಲಿಲ್ಲ.

ಸುಸ್ತು ಅವರ ಮೈಗೆ ಅಂಟಿಕೊಂಡಿತ್ತು. ಹೆಚ್ಚು ಸಲ ಕೇಳಿದ ಮಾತೆಂದರೆ, "ಗೇದೆಲಕಿ ಆದಿವಾರಂ ಲೇದಮ್ಮಾ." ಎಮ್ಮೆಗಳಿಗೆ ಭಾನುವಾರವಿಲ್ಲ. ಬ್ಯಾಂಕಿನಿಂದ ಕಾಲೆಳೆದುಕೊಂಡು ಬರುತ್ತಿದ್ದ ನನಗೆ ಆ ಮಾತು ಕೇಳಿದರೆ ನಾಚಿಕೆಯಾಗುತ್ತಿತ್ತು, ನನಗೆ ಭಾನುವಾರವಾದರೂ ಇತ್ತಲ್ಲ. ಅವರು ಚರ್ಚಿಗೆ ಹೋಗುತ್ತಿದ್ದದ್ದು ಕೊಟ್ಟಿಗೆ ತೊಳೆದ ಮೇಲೆ, ಆರಾಧನೆ ಅರ್ಧ ಮುಗಿದಿರುವಾಗ. ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತು ತೂಕಡಿಸುತ್ತೇನೆ ಎಂದು ತಾವೇ ಹೇಳಿಕೊಳ್ಳುತ್ತಿದ್ದರು.

ಮಾಮ್ಮನ ಗಂಡನನ್ನು ನಾನು ತಾತ ಎನ್ನುತ್ತಿದ್ದೆ. ಅವರು ಬೆಟ್ಟದ ಮೇಲಿನ ದುರ್ಗಮ್ಮನ ಭಕ್ತರು. ವರ್ಷಕ್ಕೊಮ್ಮೆ ಕೆಂಪು ಬಟ್ಟೆ ಉಟ್ಟು ಭವಾನಿ ದೀಕ್ಷೆ ಹಿಡಿಯುವರು, ಆಗ ಎದುರು ಸಿಕ್ಕವರನ್ನೆಲ್ಲ ಭವಾನಿ ಎಂದೇ ಕರೆಯುವರು, ಎಮ್ಮೆಗಳನ್ನೂ. ಆ ದಿನಗಳಲ್ಲಿ ತಣ್ಣೀರು ಸ್ನಾನ ಮಾಡಿ, ಬೇರೆ ಪಾತ್ರೆಯಲ್ಲಿ ಅವರಿಗೆ ಮಡಿ ಅಡುಗೆ ಮಾಡಿಕೊಡುತ್ತಿದ್ದವರು ಮಾಮ್ಮನೇ. ಇದ್ದೊಬ್ಬ ಮಗಳು ಮಗುವಾಗಿದ್ದಾಗ ಜ್ವರ ಬಂದು ಸಾಯುವ ಹಾಗಾಗಿ ಉಳಿದಳಂತೆ. ಮಾಮ್ಮ ಚರ್ಚು ಹಿಡಿದದ್ದು ಅಂದಿನಿಂದ. ಉಳಿಸಿದ್ದು ಪ್ರಭು ಎಂದು ಇವರು, ದುರ್ಗಮ್ಮ ಎಂದು ಅವರು. ಮಗಳು ಮದುವೆಯಾಗಿ ವಿಶಾಖಪಟ್ಟಣ ಸೇರಿದರೂ ಈ ಜಗಳ ಇತ್ಯರ್ಥವಾಗಿರಲಿಲ್ಲ. ಹೆಂಡತಿಯ ದೇವರ ಹೆಸರನ್ನು ತಾತ ಒಂದು ಸಲವೂ ಬಾಯಲ್ಲಿ ತಂದವರಲ್ಲ. ಅದೊಂದು ಕೊರಗು ಮಾಮ್ಮನಿಗಿತ್ತು.

ಆ ಮಗಳಿಗೆ ಎರಡು ಬಸಿರು ನಿಲ್ಲದೆ ಮೂರನೆಯದಕ್ಕೆ ಹೆಣ್ಣುಮಗು ಹುಟ್ಟಿತು. ಭಾನುವಾರ ವಿಶಾಖಪಟ್ಟಣದಲ್ಲಿ ಬಾಪ್ತಿಸ್ಮ, ಮಗುವನ್ನು ತನ್ನ ಅಮ್ಮನೇ ಎತ್ತಿಕೊಳ್ಳಬೇಕು ಎಂದು ಮಗಳ ಹಟ. ಆದರೆ ಕೊಟ್ಟಿಗೆಯ ದೊಡ್ಡ ಎಮ್ಮೆ ಮಾಮ್ಮನ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡುತ್ತಿರಲಿಲ್ಲ. ಹೆರಿಗೆಗೆಂದು ಅವರು ಒಂದೇ ದಿನ ಹೋಗಿಬಂದದ್ದಕ್ಕೆ ಅದರ ಕೆಚ್ಚಲು ಬಾತು, ಒಂದು ಮೊಲೆ ಬತ್ತಿಹೋಗಿತ್ತು. ತಾತನಿಗೆ ಕೈನಡುಕ, ಕರೆಯಲು ಬಾರದು. "ನಾನು ಹೋಗೋದಿಲ್ಲ ಬಿಡಮ್ಮಾ, ನನ್ನ ಹಣೇಲಿ ಬರೆದಿಲ್ಲ" ಎನ್ನುತ್ತ ಮಾಮ್ಮ ಕಣ್ಣೊರೆಸಿಕೊಂಡರು.

ತವರಿನಲ್ಲಿ ನಾನು ಎಮ್ಮೆ ಕರೆದವಳೇ. ನಾನು ಕರೀತೀನಿ, ನೀವು ಹೋಗಿ ಎಂದೆ. ಅವರು ತುಂಬ ಹೊತ್ತು ನನ್ನ ಕೈಬೆರಳುಗಳನ್ನೇ ನೋಡಿದರು. ಆಮೇಲೆ ಉಟ್ಟಿದ್ದ ಬೂದುಬಣ್ಣದ ಸೀರೆ ಬದಲಿಸಿ, ಅದನ್ನೇ ನನ್ನ ಕೈಗಿಟ್ಟರು. "ಇದನ್ನು ಉಟ್ಟುಕೊಂಡು ಕೂತ್ಕೋ. ಒಗೀಬೇಡ. ಅದಕ್ಕೆ ಗೊತ್ತಾಗೋದು ವಾಸನೆ."

ಶನಿವಾರ ಸಂಜೆ ಸೆಗಣಿ, ಹೊಗೆ, ಹುಳಿಹಾಲು ಎಲ್ಲ ಬೆರೆತ ಆ ಸೀರೆ ಉಟ್ಟು ಕೂತೆ. ಅತ್ತೆ ಮೂಗು ಮುಚ್ಚಿಕೊಂಡು ಬೇಲಿಯಾಚೆ ನಿಂತಿದ್ದರು. ಮೂರು ಎಮ್ಮೆ ಹೇಗೋ ಕೊಟ್ಟವು. ದೊಡ್ಡದು ಕರು ಬಿಟ್ಟರೂ ಕೊಡಲಿಲ್ಲ, ಸವರಿದರೂ ಕೊಡಲಿಲ್ಲ. ಕತ್ತು ತಿರುಗಿಸಿ ಯಾರನ್ನೋ ಹುಡುಕುತ್ತಿತ್ತು. ಕೆಚ್ಚಲು ಕಲ್ಲಾಗಿತ್ತು.

"ಅವಳು ಕರೆಯುವಾಗ ಏನೋ ಅಂತಿರ್ತಾಳೆ" ಎಂದರು ತಾತ, ಎಮ್ಮೆಯ ತಲೆಯ ಹತ್ತಿರ ನಿಂತು.

"ಏನಂತಾರೆ ತಾತ?"

ಅವರು ಎಮ್ಮೆಯ ಕೊಂಬು ಹಿಡಿದುಕೊಂಡರು. ಮೈಮೇಲೆ ದೀಕ್ಷೆಯ ಕೆಂಪು ಬಟ್ಟೆ, ಹಣೆಯ ತುಂಬ ಕುಂಕುಮ. ಮಾಮ್ಮ ಕರೆಯುವಾಗ ಕೇಳಿದ್ದ ಆ ಮಾತು ನನಗೂ ಆಗ ನೆನಪಾಯಿತು. ನಾನೇ ಎರಡು ಸಲ ಹೇಳಿ ನೋಡಿದೆ, ನನ್ನ ಹಾಸನದ ನಾಲಿಗೆಯ ತೆಲುಗಿಗೆ ಎಮ್ಮೆ ಬಾಲ ಬೀಸಿ ನನ್ನ ಕೆನ್ನೆಗೆ ಹೊಡೆಯಿತು. ಬೇಲಿಯಾಚೆಯಿಂದ ಅತ್ತೆ, "ಹೇಳ್ರಪ್ಪ ಅದೇನ್ ಹೇಳ್ಬೇಕೋ, ಮೂಕಜೀವ ನೋಯ್ತಾ ಐತೆ" ಎಂದು ಕನ್ನಡದಲ್ಲೇ ಗದರಿದರು. ತಾತ ಒಮ್ಮೆ ಬೆಟ್ಟದ ದಿಕ್ಕಿಗೆ ಕೈಮುಗಿದರು. ಆಮೇಲೆ ಎಮ್ಮೆಯ ಕಿವಿಯ ಹತ್ತಿರ ಬಗ್ಗಿ, ಹೆಂಡತಿಯ ದನಿಯಲ್ಲೇ ಎಳೆದೆಳೆದು, "ಸ್ತೋತ್ರಂ ಪ್ರಭುವಾ, ಸ್ತೋತ್ರಂ" ಎಂದರು. ಐದಾರು ಸಲ ಹೇಳುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಮೊಲೆ ಮೆತ್ತಗಾಗಿ ಬಿಂದಿಗೆಗೆ ಹಾಲು ಸುರಿಯಿತು. ಕರೆದು ಮುಗಿಯುವವರೆಗೂ ಅವರು ನಿಲ್ಲಿಸಲಿಲ್ಲ.

"ನಾನು ದೇವರಿಗೆ ಹೇಳಿದ್ದಲ್ಲ, ಗೇದೆಗೆ ಹೇಳಿದ್ದು" ಎಂದು ಕೊನೆಗೆ ಖಡಾಖಂಡಿತವಾಗಿ ತಿಳಿಸಿದರು.

ಸೋಮವಾರ ಬೆಳಿಗ್ಗೆ ಮಾಮ್ಮ ಬಂದವರೇ ಮೊದಲು ಕೆಚ್ಚಲು ಮುಟ್ಟಿ ನೋಡಿದರು. ಮಗು ಎತ್ತಿಕೊಂಡಿರಾ ಎಂದೆ. ಎತ್ತಿಕೊಂಡೆ, ಪೂರ್ತಿ ಆರಾಧನೆ ಎಚ್ಚರವಾಗಿ ಕೂತಿದ್ದೆ ಎಂದರು. ನಾನು ಶನಿವಾರದ ಕತೆ ಹೇಳಿದೆ. ಅವರು ಹುಲ್ಲಿನ ಕಂತೆಯ ಮೇಲೆ ಹಾಗೆಯೇ ಕುಸಿದು ಕೂತು, "ನಾ ಪಾಲು ನಾಕು ದಕ್ಕಿಂದಮ್ಮಾ" ಎಂದು ಅತ್ತರು.

"ಏನಂತೆ, ಹಾಲಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಈ ಸಲ ಪಾಲೇ. ಅವರ ಪಾಲು ಅವರಿಗೆ ದಕ್ಕಿತಂತೆ" ಎಂದೆ.

ಸೀರೆ ನನ್ನ ಹತ್ತಿರವೇ ಉಳಿಯಿತು. ಮುಂದಿನ ಸಲ ಬೇಕಾಗುತ್ತದೆ, ಇಟ್ಟುಕೋ ಎಂದಿದ್ದರು. ಆಮೇಲೆ ಎರಡು ಸಲ ಅವರು ಮೊಮ್ಮಗಳನ್ನು ನೋಡಿಬಂದರು. ಅಷ್ಟರಲ್ಲಿ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ದ್ವಾರಕಾ ನಗರದ ಶಾಖೆ, ಹೊಸ ಮನೆ, ಪ್ಯಾಕೆಟ್ ಹಾಲು. ಅರ್ಧ ಗಂಟುಮೂಟೆ ಬಿಚ್ಚದೆ ಹಾಗೇ ಅಟ್ಟಕ್ಕೆ ತಳ್ಳಿದ್ದೆ. ಆ ನಾರುವ ಸೀರೆ ಒಗೆದು ಹಾಕೇ ಎಂದು ಅತ್ತೆ ಹೇಳುತ್ತಲೇ ಇದ್ದರು, ನನಗೆ ಮಾತ್ರ ಮೈಯಲ್ಲಿ ಕಸುವಿರಲಿಲ್ಲ.

ಒಂದು ದಿನ ತಾತನ ಫೋನು ಬಂತು. ಬೆಳಿಗ್ಗೆ ಹಾಲು ಕರೆಯುತ್ತ ಕೂತ ಮಾಮ್ಮ ಎಮ್ಮೆಯ ಪಕ್ಕೆಗೆ ಹಣೆಯಿಟ್ಟೇ ಹೋಗಿಬಿಟ್ಟರಂತೆ. ಎಮ್ಮೆ ಕದಲದೆ ನಿಂತಿತ್ತಂತೆ. ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. "ಮಗಳು ಬಂದು ಹಾಲು ಕರೀತಿದ್ದಾಳೆ ಅಮ್ಮಾ. ನಾನು ಎರಡು ಹೊತ್ತೂ ಹೇಳ್ತಿದ್ದೀನಿ. ಆದರೂ ದೊಡ್ಡದು ಕೊಡ್ತಿಲ್ಲ. ಬಂದ ಹೆಂಗಸರು ಪಾಪ ಮನೆ ಸಾರಿಸಿ, ಅವಳ ಸೀರೆಗಳನ್ನೆಲ್ಲ ಒಗೆದುಬಿಟ್ಟರು." ಆಮೇಲೆ ಕೇಳಿದರು, "ನಿನ್ನ ಹತ್ತಿರ ಒಂದಿತ್ತಲ್ಲ. ಒಗೆದೆಯಾ?"

ಅಟ್ಟ ಹತ್ತಿ ಗಂಟು ಬಿಚ್ಚಿದೆ. ಪ್ಲಾಸ್ಟಿಕ್ ಕವರಿನಲ್ಲಿ ಸೀರೆ ಹಾಗೆಯೇ ಇತ್ತು. ನನ್ನ ಸೋಮಾರಿತನಕ್ಕೆ ನಾನು ಕೈಮುಗಿದದ್ದು ಅದೊಂದೇ ಸಲ. ಮರುದಿನ ರಜೆ ಹಾಕಿ ಬೆಳಗಿನ ರೈಲು ಹಿಡಿದೆ.

ಸಂಜೆ ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿದ್ದೆ. ಮಗಳು ಬಿಂದಿಗೆ ತೊಳೆದುಕೊಂಡು ಕಾದಿದ್ದಳು. ತಾತ ನನ್ನ ಕೈಯಿಂದ ಕವರು ತೆಗೆದುಕೊಂಡು ಸೀರೆ ಹೊರತೆಗೆದರು. ಅದನ್ನು ಮಗಳಿಗೆ ಕೊಡಲಿಲ್ಲ. ಹುಲ್ಲಿನ ಕಂತೆಯ ಮೇಲೆ ಕೂತು ಮುಖಕ್ಕೆ ಒತ್ತಿಕೊಂಡರು. ದೊಡ್ಡ ಎಮ್ಮೆ ಒಂದು ಸಲ ಕೂಗಿತು. ನಾವಿಬ್ಬರೂ ಅವಸರ ಮಾಡಲಿಲ್ಲ.