ಹಸಿರು ಪೊಟ್ಟಣಕ್ಕೆ ಯಾಕೆ ಜಾಹೀರಾತಿಲ್ಲ

ಮಾರ್ಚ್ ಒಂಬತ್ತು, ಸೋಮವಾರ, ಸಂಜೆ ಏಳು ಇಪ್ಪತ್ತು. ಈ ಎಣಿಕೆಗೆ ಕಾರಣವಾದ ಮಾತು ಬಂದದ್ದು ಆಗ. ಬಾಶೆಟ್ಟಿಹಳ್ಳಿಯ ಬಿಸ್ಕತ್ತು ಕಾರ್ಖಾನೆಯಿಂದ ಬಂದ ಅಕ್ಕ ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು: "ನಮ್ ಲೈನ್ ನಿಲ್ಲಿಸ್ತಾರಂತೆ ಕಣೇ. ಟೀವೀಲಿ ಆಡ್ ಬರ್ತಿಲ್ವಲ್ಲ, ಅದಕ್ಕೇ ಮಾಲು ಹೋಗ್ತಿಲ್ಲ ಅಂತ ಬಸ್ಸಲ್ಲೆಲ್ಲ ಅದೇ ಮಾತು."

ಅಕ್ಕ ನಾಲ್ಕು ವರ್ಷದಿಂದ ಹಸಿರು ಪೊಟ್ಟಣದ ಬಿಸ್ಕತ್ತು ತಯಾರಾಗುವ ಲೈನಿನಲ್ಲಿ ಪ್ಯಾಕ್ ಮಾಡುತ್ತಾಳೆ. ನಾನು ಹುಟ್ಟುವ ಮೊದಲಿನಿಂದಲೂ ಇರುವ ಬಿಸ್ಕತ್ತು ಅದು. ತೂಬಗೆರೆಯ ನಮ್ಮ ಬೀದಿಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ, ನೋಡಲು ಹೋಗುವವರ ಕೈಯಲ್ಲಿ ಅದೇ ಇರುತ್ತದೆ. ಅಕ್ಕನದು ಗುತ್ತಿಗೆ ಕೆಲಸ. ಲೈನ್ ನಿಂತರೆ ಮರುದಿನವೇ ಅವಳು ಮನೆಯಲ್ಲಿ.

"ಎಲ್ರಿಗೂ ಗೊತ್ತಿರೋದಕ್ಕೆ ಆಡ್ ಯಾಕೆ ಬೇಕು?" ಅಂದೆ.

"ಹೋಗಿ ನಮ್ ಸೂಪರ್‌ವೈಸರ್‌ಗೆ ಹೇಳು."

ಹೇಳಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಮರುದಿನದಿಂದ ಏಳು ದಿನ ಪುಸ್ತಕ ಹಿಡಿದು ಎರಡು ಕಡೆ ಎಣಿಸಿದೆ. ಸಂಜೆ ಐದರಿಂದ ಆರು ಬಸ್ ಸ್ಟಾಪಿನ ಅಂಗಡಿಯ ಮುಂದಿನ ಕಲ್ಲಿನ ಮೇಲೆ, ಏಳೂವರೆಯಿಂದ ಎಂಟೂವರೆ ಟೀವಿ ಮುಂದೆ.

"ಸೀರಿಯಲ್ ನೋಡೇ ಅಂದ್ರೆ ಸೋಪು ಎಣಿಸ್ತಾಳೆ!" ಅಂತ ಅಮ್ಮ ಬೈದರು.

ಟೀವಿಯಲ್ಲಿ ಲೋಕಕ್ಕೆಲ್ಲ ಗೊತ್ತಿರುವ ಸೋಪು, ಟೀ ಪುಡಿ, ತಂಪು ಪಾನೀಯಗಳೇ ಮತ್ತೆ ಮತ್ತೆ ಬಂದವು. ಒಂದು ಸೋಪಂತೂ ಒಂದೇ ಬ್ರೇಕಿನಲ್ಲಿ ಮೂರು ಸಲ. ಹಸಿರು ಪೊಟ್ಟಣ ಒಂದು ಸಲವೂ ಇಲ್ಲ. ಆದರೆ ಅಂಗಡಿಯಲ್ಲಿ ಏಳು ದಿನಕ್ಕೆ ಹಸಿರು ಪೊಟ್ಟಣ ನಲವತ್ತೊಂದು, ಉಳಿದ ಬಿಸ್ಕತ್ತುಗಳೆಲ್ಲ ಸೇರಿ ಹನ್ನೆರಡು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕ ಸೂಪರ್‌ವೈಸರ್‌ಗೆ ತೋರಿಸಲಿ ಅಂತ ಬೇರೆ ಹಾಳೆಯಲ್ಲಿ ಗೆರೆ ಎಳೆದು ನೀಟಾಗಿ ಬರೆದೆ.

ಹದಿನೇಳನೇ ತಾರೀಕು ಆ ಹಾಳೆಯನ್ನು ಅಂಗಡಿಯಣ್ಣನಿಗೆ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಮ್ಮಾ, ನೀನು ಪುಸ್ತಕ ಹಿಡ್ಕೊಂಡು ಎದುರಿಗೇ ಕೂತಿದ್ರೆ ಇನ್ಯಾವ್ದು ಕೇಳ್ತಾರೆ? ಲೈನ್ ನಿಲ್ಲುತ್ತೆ ಅಂತ ನಿಮ್ಮಮ್ಮ ಡೇರಿ ಹತ್ರ ಎಲ್ರಿಗೂ ಹೇಳ್ಬಿಟ್ಟವ್ರೆ. ನಿಮ್ಮೆದುರುಮನೆ ಯಜಮಾನ್ರು ಸಕ್ಕರೆ ಕಾಯ್ಲೆ ಇಟ್ಕೊಂಡು ಮೂರು ಪ್ಯಾಕೆಟ್ ತಗೊಂಡೋದ್ರು!"

ಮನೆಗೆ ಬಂದು ಕೇಳಿದೆ. "ಹಾಲು ಹಾಕೋಕೆ ನಿಂತಾಗ ಮಾತು ಬಂತು, ಹೇಳ್ದೆ. ಏನೀಗ?" ಅಂದರು ಅಮ್ಮ. ಊರಿನವರು ಬಿಸ್ಕತ್ತು ಬೇಕು ಅಂತ ಕೊಂಡಿರಲಿಲ್ಲ, ಅಕ್ಕನ ಕೆಲಸ ಉಳಿಸಲು ನೋಡಿದ್ದರು. ಹಾಳೆಗೆ ಅಡ್ಡಗೆರೆ ಎಳೆದೆ. ಹರಿಯಲು ಮಾತ್ರ ಮನಸ್ಸು ಬರಲಿಲ್ಲ.

ಹತ್ತೊಂಬತ್ತು, ಗುರುವಾರ, ಏಳು ಐವತ್ತು. ಟೀವಿಯಲ್ಲಿ ಅಕ್ಕನ ಕಂಪನಿಯ ಹೆಸರು ಬಂತು. ದೊಡ್ಡ ನಟ, ಹತ್ತಾರು ಜನರ ಕುಣಿತ. "ಬಂತು ಬಂತು, ಬಾರೇ!" ಅಂತ ಅಮ್ಮ ಕೂಗಿದರು. ಅಕ್ಕ ಪಾತ್ರೆ ಬಿಟ್ಟು ಒದ್ದೆ ಕೈಯಲ್ಲೇ ಓಡಿಬಂದಳು. ಅವಳು ನಟನನ್ನು ನೋಡಲಿಲ್ಲ, ಅವನ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದಳು.

"ಇದು ನಮ್ದಲ್ಲಮ್ಮ. ಹೊಸ ಚಾಕೊಲೇಟ್ ಕ್ರೀಮ್. ಬೇರೆ ಊರಲ್ಲಿ ಮಾಡ್ತಾರೆ."

"ಹೆಸರು ನಿಮ್ದೇ ಅಲ್ವಾ?"

"ಹೆಸರು ನಮ್ದೇ."

ಅವಳು ಪಾತ್ರೆಗಳ ಕಡೆಗೆ ಹೋದಳು. ಹಸಿರು ಪೊಟ್ಟಣ ಇಷ್ಟು ವರ್ಷ ಸಂಪಾದಿಸಿದ ಹೆಸರಿನ ಮೇಲೆ ಹೊಸದು ಕುಣಿಯುತ್ತಿದೆ ಅಂತ ಅವತ್ತು ಬರೆದುಕೊಂಡೆ. ಹೆಸರಾದ ಕಂಪನಿಗೆ ಜಾಹೀರಾತು ಬೇಕೋ ಬೇಡವೋ ಅನ್ನುವುದು ಬೇರೆ, ಹೆಸರಾದ ಪೊಟ್ಟಣಕ್ಕೆ ಬೇಕೋ ಬೇಡವೋ ಅನ್ನುವುದೇ ಬೇರೆ. ಎರಡನ್ನೂ ನಾನು ಒಂದೇ ಅಂದುಕೊಂಡಿದ್ದೆ.

ಲೈನ್ ಇನ್ನೂ ನಿಂತಿಲ್ಲ. ಗುತ್ತಿಗೆಯನ್ನು ಈಗ ತಿಂಗಳು ತಿಂಗಳು ಮುಂದುವರಿಸುತ್ತಾರೆ. ಪ್ರತಿ ತಿಂಗಳ ಇಪ್ಪತ್ತೆಂಟಕ್ಕೆ ಗೇಟಿನ ಹತ್ತಿರ ಹೆಸರುಗಳ ಪಟ್ಟಿ ಅಂಟಿಸುತ್ತಾರೆ. ಇದು ನಾಲ್ಕನೇ ತಿಂಗಳು. ಇಪ್ಪತ್ತೇಳರಿಂದಲೇ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಎಲ್ಲರಿಗೂ ಗೊತ್ತಿದೆ ಅಂತ ಹಳೆಯ ಮಾಲಿಗೆ ಜಾಹೀರಾತು ಕೊಡುವುದಿಲ್ಲವೋ, ಅಥವಾ ಅದನ್ನು ನಿಲ್ಲಿಸಬೇಕು ಅಂತ ಮೊದಲೇ ತೀರ್ಮಾನಿಸಿ ಕೊಡುವುದಿಲ್ಲವೋ? ನನ್ನ ಎಣಿಕೆಯಿಂದ ಇದು ತಿಳಿಯುವಂಥದ್ದಲ್ಲ. ಇಂಥ ಕಾರ್ಖಾನೆಯಲ್ಲೋ ಜಾಹೀರಾತಿನ ಕೆಲಸದಲ್ಲೋ ಇರುವವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಉತ್ತರ ಕೆಟ್ಟದ್ದಾದರೂ ಸರಿ, ಇಪ್ಪತ್ತೆಂಟಕ್ಕೆ ಮೊದಲು ತಿಳಿದರೆ ಅಕ್ಕ ಬೇರೆ ಕಡೆ ಕೆಲಸ ಕೇಳಬಹುದು.